ಶಾಖಸಂಚಾರಿಯ ಪ್ರದಕ್ಷಿಣೆ

"ಚಪ್ಪಲಿ ಬಿಡಿ, ನೆಲದ ಮೇಲೆ ಬರಿಗಾಲಿಡಿ, ಆಮೇಲೆ ಮಾತಾಡಿ," ಎಂದರು ವಾಮನಮೂರ್ತಿಗಳು.

ಬಂದವರು ಕೈಯಲ್ಲಿದ್ದ ಬ್ಯಾಗನ್ನೇ ಇನ್ನೂ ಕೆಳಗಿಟ್ಟಿರಲಿಲ್ಲ. ಹೊಸ ಅಳಿಯ ಶೇಷಗಿರಿ, ಅವನ ತಾಯಿ ಅಂಬುಜಮ್ಮ, ಅವರ ಹಿಂದೆ ಮಗಳು ಮೇದಿನಿ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆಂದು ಅರಸೀಕೆರೆಯಿಂದ ಹಾಸನಕ್ಕೆ ಬಂದಿಳಿದ ಬೀಗರಿಗೆ ಕಾಲಿಗೆ ನೀರು, ಕುಡಿಯಲು ಕಾಫಿ ಕೊಡುವುದು ಬಿಟ್ಟು ಬಾಗಿಲಲ್ಲೇ ಪ್ರದರ್ಶನಕ್ಕೆ ನಿಂತ ಗಂಡನನ್ನು ನೋಡಿ ಸರ್ವಮಂಗಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬೀಗಿತ್ತಿಯ ಎದುರು ಗಂಡನನ್ನು ಬೈಯುವ ಹಾಗಿಲ್ಲವಲ್ಲ. ಅವರು ಹಲ್ಲು ಕಚ್ಚಿಕೊಂಡು ನಕ್ಕರು.

ಅಂಬುಜಮ್ಮ ಅನುಮಾನದಿಂದಲೇ ಬಲಗಾಲು ಒಳಗಿಟ್ಟರು. ಆಮೇಲೆ ಎಡಗಾಲು. ಆಮೇಲೆ ಅಲ್ಲೇ ನಿಂತುಬಿಟ್ಟರು.

"ನೆಲ ಬೆಚ್ಚಗಿದೆ," ಎಂದರು.

"ಬೆಚ್ಚಗಿದೆ ಅಲ್ಲ, ಬೆಚ್ಚಗಾಗ್ತಾ ಇದೆ," ಎಂದು ವಾಮನಮೂರ್ತಿಗಳು ಎದೆ ಸೆಟೆಸಿದರು. "ಇದರ ಹೆಸರು ಶಾಖಸಂಚಾರಿ."

ವಾಮನಮೂರ್ತಿಗಳು ಹಾಲಿನ ಡೈರಿಯೊಂದರಲ್ಲಿ ಹಾಲು ತಣ್ಣಗೆ ಮಾಡುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು. ಸರ್ವೀಸೆಲ್ಲ ಹಾಲಿನ ಬಿಸಿ ಕೀಳುವುದರಲ್ಲೇ ಕಳೆಯಿತು. ಹಾಗೆ ಕಿತ್ತ ಬಿಸಿಯೆಲ್ಲ ಎಲ್ಲಿಗೆ ಹೋಯಿತು, ಯಾರಿಗೆ ಉಪಯೋಗವಾಯಿತು ಎನ್ನುವ ಕೊರಗು ಮಾತ್ರ ರಿಟೈರಾದರೂ ಅವರನ್ನು ಬಿಟ್ಟಿರಲಿಲ್ಲ. ಕೊನೆಗೆ ಮನೆಯ ನೆಲವನ್ನೆಲ್ಲ ಅಗೆಸಿ ಈ ಯಂತ್ರ ಕೂಡಿಸಿದರು. ಬಚ್ಚಲ ಹಂಡೆಯಲ್ಲಿ ನೀರು ಕಾದರೆ ಸಾಕು, ಅದರ ಶಾಖ ಪೈಪಿನೊಳಗೆ ಸೇರಿ ಮನೆಯೆಲ್ಲ ಸುತ್ತುತ್ತದೆ. ನೆಲದ ಕೆಳಗೆ ಪೈಪು, ಗೋಡೆಯೊಳಗೆ ಪೈಪು, ಮಂಚದ ಅಡಿಯಲ್ಲಿ ಪೈಪು, ಕೊನೆಗೆ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೂ ಪೈಪು. ಅದರೊಳಗೆ ಅವರೇ ಬೆರೆಸಿದ ಒಂದು ನೀಲಿ ದ್ರಾವಣ. ಬೆಲ್ಲ ಕಂಡ ಇರುವೆಯ ಹಾಗೆ ಅದು ಶಾಖಕ್ಕೆ ಮುತ್ತಿಕೊಳ್ಳುತ್ತಿತ್ತು. ದ್ರಾವಣವನ್ನು ಸುತ್ತಿಸಲು ಬಚ್ಚಲಿಗೂ ಅಡಿಗೆಮನೆಗೂ ನಡುವಿನ ಗೋಡೆಯ ಕಂಡಿಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ಪಂಪು ಕೂತಿತ್ತು.

"ಕರೆಂಟೇ ಬೇಡ ಇದಕ್ಕೆ," ಎಂದು ಅವರು ಅಳಿಯನ ಹೆಗಲು ತಟ್ಟಿದರು. "ಸಾಗಿಸೋ ಶಾಖದಲ್ಲೇ ಒಂದು ಚಿಟಿಕೆ ತಿಂದ್ಕೊಂಡು ತಾನೇ ತಿರುಗುತ್ತೆ. ಜಾಸ್ತಿ ಶಾಖ ಸಿಕ್ಕಿದ್ರೆ ಜಾಸ್ತಿ ಜೋರು. ಸ್ವಿಚ್ಚೇ ಇಲ್ಲ."

"ಸ್ವಿಚ್ ಇಲ್ದಿದ್ರೆ ನಿಲ್ಸೋದು ಹೇಗೆ ಮಾವ?" ಎಂದು ಶೇಷಗಿರಿ ಕೇಳಿದ.

"ಯಾಕಪ್ಪ ನಿಲ್ಲಿಸ್ಬೇಕು?" ಎಂದು ಮಾವ ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಆ ಸಲ ಹಾಸನಕ್ಕೆ ಚಳಿ ಹಬ್ಬಕ್ಕಿಂತ ಮೊದಲೇ ಬಂದು ಕೂತಿತ್ತು. ಅಂಬುಜಮ್ಮ ನೆಲದ ಮೇಲೆ ಕಾಲು ಚಾಚಿ ಕುಳಿತರು. ಮುಖದಲ್ಲಿ ಸಣ್ಣದೊಂದು ತೃಪ್ತಿ ಮೂಡುತ್ತಿರುವುದನ್ನು ಸರ್ವಮಂಗಳಮ್ಮ ಕಣ್ಣಾರೆ ಕಂಡರು. ಎಷ್ಟು ದಿನದಿಂದ ಕಾಯುತ್ತಿದ್ದ ತೃಪ್ತಿ ಅದು!

ಯಾಕೆಂದರೆ ಮದುವೆಯ ದಿನ ಛತ್ರದಲ್ಲಿ ಒಲೆ ಕೈಕೊಟ್ಟು ಗಂಡಿನ ಮಂಗಳಸ್ನಾನಕ್ಕೆ ತಣ್ಣೀರು ಬಂದಿತ್ತು. "ನನ್ನ ಮಗನಿಗೆ ಹೆಣ್ಣಿನ ಕಡೆಯವರು ತಣ್ಣೀರಲ್ಲಿ ಎರೆದ್ರು" ಎಂಬ ಮಾತನ್ನು ಅಂಬುಜಮ್ಮ ಅಂದಿನಿಂದ ಮದುವೆಮನೆ, ನಾಮಕರಣ, ಗೃಹಪ್ರವೇಶ, ಎಲ್ಲೆಂದರಲ್ಲಿ ಬಡಿಸುತ್ತ ಬಂದಿದ್ದರು. ಮೇದಿನಿ ಅತ್ತೆಯ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೂ ಆ ಮಾತು ಬರುತ್ತಿತ್ತಂತೆ. ಮಗಳು ಫೋನಿನಲ್ಲಿ ಅದನ್ನು ಹೇಳಿ ಅತ್ತ ದಿನವೇ ಸರ್ವಮಂಗಳಮ್ಮ ತೀರ್ಮಾನ ಮಾಡಿದ್ದರು. ಈ ನರಕ ಚತುರ್ದಶಿಯ ಬೆಳಿಗ್ಗೆ ಅಳಿಯನಿಗೆ ಎಣ್ಣೆ ಹಚ್ಚಿ ಎಂಥ ಬಿಸಿನೀರು ಎರೆಯಬೇಕೆಂದರೆ, ಬೀಗಿತ್ತಿ ಆ ವಿಷಯದಲ್ಲಿ ಮತ್ತೆ ಬಾಯಿ ತೆಗೆಯಬಾರದು. ಹಬ್ಬದ ಅಡಿಗೆ ಕೆಟ್ಟರೂ ಚಿಂತೆಯಿಲ್ಲ, ನೀರು ಕೆಡಬಾರದು.

ಅಷ್ಟರಲ್ಲಿ ಪಂಪು ಗೊರ್ ಗೊರ್ ಎಂದು ಕ್ಯಾಕರಿಸಿ ನಿಂತುಹೋಯಿತು.

ನೆಲ ತಣ್ಣಗಾಯಿತು. ಅಂಬುಜಮ್ಮ ಕಾಲು ಮಡಿಸಿಕೊಂಡು, "ಈ ಮನೇಲಿ ಬಿಸಿ ಅನ್ನೋದು ನಿಲ್ಲೋದೇ ಇಲ್ಲ ನೋಡಿ," ಎಂದರು.

"ಪರವಾಗಿಲ್ಲ ಬಿಡಮ್ಮ," ಎಂದ ಶೇಷಗಿರಿ. ದನದ ಡಾಕ್ಟರು ಅವನು, ಒಳ್ಳೆಯ ಹುಡುಗ. ಅತ್ತೆಯ ಮನೆಯಲ್ಲಿ ಏನೇ ಆದರೂ 'ಪರವಾಗಿಲ್ಲ' ಎನ್ನುವುದನ್ನು ಕಲಿತುಕೊಂಡೇ ಬಂದಿದ್ದ.

ಸರ್ವಮಂಗಳಮ್ಮ ಗಂಡನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು. "ರೀ, ಸುಮ್ನೆ ಯಾರಾದ್ರೂ ರಿಪೇರಿಯೋರ್ನ ಕರೀರಿ."

"ಇದನ್ನ ರಿಪೇರಿ ಮಾಡೋನು ಭೂಮಿ ಮೇಲೆ ಒಬ್ಬನೇ ಇರೋದು. ಅವನೂ ನಾನೇ."

"ಅದೇ ಕಣ್ರೀ ನನ್ನ ಭಯ."

"ಸುಮ್ನಿರೇ. ಪಂಪು ಅಂದ್ರೆ ಏನು ಮಹಾ? ಆ ಕಡೆ ಒಂದು ವಾಲ್ವು, ಈ ಕಡೆ ಒಂದು ವಾಲ್ವು. ಎರಡನ್ನೂ ಮುಚ್ಚೋದು, ನಾಲ್ಕು ಸ್ಕ್ರೂ ಬಿಚ್ಚೋದು, ಒಳಗಿನ ಚಕ್ರ ಸಿಕ್ಕೊಂಡಿದ್ರೆ ಬಿಡಿಸೋದು, ಮತ್ತೆ ಕೂಡಿಸೋದು. ಒಗ್ಗರಣೆ ಹಾಕೋದಕ್ಕಿಂತ ಸುಲಭ."

ಒಗ್ಗರಣೆಯನ್ನೂ ಅವರು ಇಂದಿನವರೆಗೆ ಹಾಕಿದವರಲ್ಲ. ಅಡಿಗೆಮನೆಯ ಕಡೆಯ ವಾಲ್ವು ಮುಚ್ಚಿದರು, ಬಚ್ಚಲ ಕಡೆಯದನ್ನು ಮರೆತರು, ಸ್ಕ್ರೂ ಬಿಚ್ಚಿದರು. ನೀಲಿ ದ್ರಾವಣ ಚಿಮ್ಮಿ ಅವರ ಬನಿಯನ್, ಗೋಡೆ, ಹಬ್ಬಕ್ಕೆ ಹರವಿದ್ದ ಚಕ್ಕುಲಿಯ ತಟ್ಟೆ ಎಲ್ಲದರ ಮೇಲೂ ಬಿತ್ತು. ಮೇದಿನಿ ಓಡಿಹೋಗಿ ಬಚ್ಚಲ ಕಡೆಯ ವಾಲ್ವು ಮುಚ್ಚಿದಳು. ಅಂಬುಜಮ್ಮ ಒಂದು ನೀಲಿ ಚಕ್ಕುಲಿಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಟ್ಟೆಯಲ್ಲಿಟ್ಟರು.

ಪಂಪಿನೊಳಗಿನ ಅಯಸ್ಕಾಂತದ ಚಕ್ರಕ್ಕೆ ದ್ರಾವಣದಲ್ಲಿ ಬೆರೆಸಿದ್ದ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಲ್ಲಾಗಿತ್ತು. ಅವತ್ತು ನೀರು ತುಂಬುವ ಹಬ್ಬ. ಸಂಜೆ ಹಂಡೆಗೆ ನೀರು ತುಂಬಿ ಗಂಗಮ್ಮನ ಪೂಜೆ ಮಾಡಬೇಕಾದ್ದರಿಂದ ಸರ್ವಮಂಗಳಮ್ಮ ಬೆಳಿಗ್ಗೆಯೇ ಹುಣಸೆಹಣ್ಣು ಹಾಕಿ ತಾಮ್ರದ ಹಂಡೆಯನ್ನು ತಿಕ್ಕಿ ಫಳಫಳ ಮಾಡಿ, ಬರುವವರ ಕೈಕಾಲಿಗೆಂದು ಸ್ವಲ್ಪ ನೀರು ಕಾಯಿಸಿಟ್ಟಿದ್ದರು. ಮಿಕ್ಕ ಹುಣಸೆಹಣ್ಣಿನಲ್ಲಿ ವಾಮನಮೂರ್ತಿಗಳು ಚಕ್ರ ತಿಕ್ಕಿದರು. ಸುಣ್ಣವೆಲ್ಲ ಕರಗಿ ಚಕ್ರ ಸಲೀಸಾಗಿ ತಿರುಗಿತು.

"ನೋಡಿದ್ಯಾ?" ಎಂದರು. ಸರ್ವಮಂಗಳಮ್ಮನಿಗೂ ಒಂದು ಕ್ಷಣ ಗಂಡನ ಮೇಲೆ ಹೆಮ್ಮೆ ಬಂತು.

ಆದರೆ ಕೂಡಿಸುವಾಗ ಅವರ ಕೈ ನಿಂತಿತು. ಪಂಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಲ್ಲಿ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆದಿದ್ನಲ್ಲ, ಚಕ್ರ ಯಾವ ಕಡೆ ತಿರುಗ್ಬೇಕು ಅಂತ. ಅದೆಲ್ಲೋಯ್ತು?"

ಸರ್ವಮಂಗಳಮ್ಮ ಹುಣಸೆಹಣ್ಣಿನ ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಹಂಡೆ ತಿಕ್ಕುವಾಗ, ಪಕ್ಕದಲ್ಲೇ ಇದೆಯಲ್ಲ, ಇದೂ ಹಬ್ಬಕ್ಕೆ ಸ್ವಚ್ಛವಾಗಿರಲಿ ಎಂದು ಪಂಪನ್ನೂ ತಿಕ್ಕಿದ್ದರು. ಆ ಕೆಂಪು ಗುರುತು ಯಾವುದೋ ಹಳೆಯ ಕುಂಕುಮದ ಕಲೆ ಎಂದುಕೊಂಡಿದ್ದರು.

"ನಿಮ್ಮ ಯಂತ್ರ, ನಿಮಗೇ ಜ್ಞಾಪಕ ಇಲ್ವಾ?" ಎಂದು ಅವರೇ ಜೋರು ಮಾಡಿದರು.

"ಇದೆ. ಹೀಗೆ ತಿರುಗ್ತಿತ್ತು," ಎಂದು ಅವರು ಅಡಿಗೆಮನೆಯ ಕಡೆ ನಿಂತು ಬೆರಳಿನಿಂದ ಬಲಕ್ಕೆ ಸುತ್ತಿ ತೋರಿಸಿದರು. "ಗಡಿಯಾರದ ಮುಳ್ಳಿನ ಥರ."

"ಅಂದ್ರೆ ಬಚ್ಚಲಿನ ಕಡೆಯಿಂದ ನೋಡಿದ್ರೆ ಅಪ್ರದಕ್ಷಿಣೆ," ಎಂದಿತು ಬಚ್ಚಲೊಳಗಿನಿಂದ ಒಂದು ಧ್ವನಿ. ಕಂಡಿಯ ಆ ಕಡೆಯಿಂದ ಅಂಬುಜಮ್ಮನ ಮುಖ ಕಾಣುತ್ತಿತ್ತು. "ಗಂಗಮ್ಮನ ಪೂಜೆ ಮಾಡೋದು ಬಚ್ಚಲಲ್ಲಿ. ಪೂಜೆ ಮಾಡೋರ ಎದುರಿಗೆ ಒಂದು ಚಕ್ರ ಅಪ್ರದಕ್ಷಿಣೆ ತಿರುಗೋದು ಅಂದ್ರೇನು? ನಮ್ಮ ಮನೇಲಿ ಬೀಸೋಕಲ್ಲೂ ಹಾಗೆ ತಿರುಗಿಸಲ್ಲ. ಅದೂ ಅಳಿಯನ ಮೊದಲನೇ ಹಬ್ಬದ ದಿನ."

"ತಾಯಿ, ಇದು ದೇವಸ್ಥಾನ ಅಲ್ಲ, ಪಂಪು," ಎಂದರು ವಾಮನಮೂರ್ತಿಗಳು.

"ನಾವು ಹೇಳೋದು ಹೇಳಿದ್ವಿ. ಆಮೇಲೆ ಏನಾದ್ರೂ ಆದ್ರೆ ನಮ್ಮನ್ನ ಕೇಳ್ಬೇಡಿ."

ಆ 'ಏನಾದ್ರೂ' ಎನ್ನುವ ಮಾತಿನಲ್ಲಿ ಮುಂದಿನ ವರ್ಷವಿಡೀ ನಡೆಯಬಹುದಾದ ನಾಮಕರಣ, ಗೃಹಪ್ರವೇಶಗಳೆಲ್ಲ ಸರ್ವಮಂಗಳಮ್ಮನಿಗೆ ಕಾಣಿಸಿದವು. "ಬೀಗಿತ್ತಿಯವರು ಹೇಳಿದ್ದೇ ಸರಿ ಕಣ್ರೀ," ಎಂದುಬಿಟ್ಟರು. "ಬಚ್ಚಲ ಕಡೆಯಿಂದ ಪ್ರದಕ್ಷಿಣೆ ಬರೋ ಹಾಗೇ ಕೂಡಿಸಿ. ತಿರುಗೋದು ತಾನೇ, ಯಾವ ಕಡೆ ತಿರುಗಿದ್ರೇನು?"

ವಾಮನಮೂರ್ತಿಗಳು ಏನೋ ಹೇಳಲು ಬಾಯಿ ತೆಗೆದರು. ಹೆಂಡತಿ ಕಣ್ಣಲ್ಲೇ ಗದರಿದರು. ಅವರು ಚಕ್ರವನ್ನು ಮಗುಚಿ ಹಾಕಿ ನಾಲ್ಕೂ ಸ್ಕ್ರೂ ಬಿಗಿದರು.

ಸಂಜೆ ಹಂಡೆಗೆ ನೀರು ತುಂಬಿದರು. ಸುಣ್ಣ ಬಳಿದು, ಅರಿಸಿನ ಕುಂಕುಮ ಇಟ್ಟು, ಕೊರಳಿಗೆ ಹೂವು ಸುತ್ತಿ ಪೂಜೆ ಮಾಡಿದರು. ಪಂಪಿಗೂ ಒಂದು ಹೂವು ಸಿಕ್ಕಿತು. ಅದು ಬಚ್ಚಲಿಗೆ ಮುಖಮಾಡಿ ಪ್ರದಕ್ಷಿಣೆಯಾಗಿ ಗುಂಯ್ ಎಂದು ತಿರುಗತೊಡಗಿತು. ಒಲೆಗೆ ಸೌದೆ ಇಡೋಣವೆಂದು ಬಗ್ಗಿದ ಸರ್ವಮಂಗಳಮ್ಮ ಹಂಡೆ ಮುಟ್ಟಿ ನೋಡಿದರೆ ಆಗಲೇ ಬೆಚ್ಚಗಿತ್ತು. ಬೆಂಕಿಯೇ ಇಲ್ಲ, ನೀರು ಕಾಯುತ್ತಿದೆ!

"ಗಂಗಮ್ಮ ಒಲಿದ್ಲು," ಎಂದರು ಅಂಬುಜಮ್ಮ. "ಪ್ರದಕ್ಷಿಣೆ ಅಂದ್ರೆ ಸುಮ್ನೇನಾ?"

ಸರ್ವಮಂಗಳಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಲ ಬೇರೆ ತಣ್ಣಗಾಗುತ್ತಿತ್ತು, ನಿಲ್ಲುವ ಹಾಗೂ ಇರಲಿಲ್ಲ.

ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಎಲ್ಲರ ಬಾಯಿಂದಲೂ ಹೊಗೆ ಬರುತ್ತಿತ್ತು. ತುಪ್ಪದ ಡಬ್ಬಿಯಲ್ಲಿ ಚಮಚ ನೆಟ್ಟಗೆ ನಿಂತಿತ್ತು. ಮೊದಲ ಸುತ್ತಿನ ಕಾಫಿ ಲೋಟಕ್ಕೆ ಬಗ್ಗಿಸುವಾಗ ಬಿಸಿಯಾಗಿದ್ದದ್ದು ತುಟಿಗೆ ತಲುಪುವಾಗ ಶರಬತ್ತಾಗಿತ್ತು. ಎರಡನೇ ಸುತ್ತಿಗೆಂದು ಮೇದಿನಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಎಷ್ಟು ಹೊತ್ತಿನಿಂದಲೋ ಕಾಯುತ್ತಿದ್ದಳು. ಕೆಳಗೆ ಗ್ಯಾಸು ಭರ್ರೆಂದು ಉರಿಯುತ್ತಿತ್ತು, ಮೇಲೆ ಹಾಲಿನ ಅಂಚಿನಲ್ಲಿ ಮಂಜು ಕಟ್ಟುತ್ತಿತ್ತು.

ವಾಮನಮೂರ್ತಿಗಳು ಶಾಲು ಹೊದ್ದು ಬಂದು ಹಾಲಿಗೆ ಬೆರಳದ್ದಿದರು. ಅವರ ಮುಖ ಅರಳಿತು. "ಆಹಾ, ಡೈರಿಯಲ್ಲಿ ಕೂಡ ಇಷ್ಟು ಬೇಗ ತಣ್ಣಗಾಗ್ತಿರಲಿಲ್ಲ."

"ಅಪ್ಪ, ನಾನು ಹಾಲು ಕಾಯಿಸ್ತಾ ಇದೀನಿ."

ಅವರ ಮುಖ ಬಾಡಿತು. ಕಂಡಿಯತ್ತ ನೋಡಿದರು. ಪಂಪು ರೊಯ್ಯೆಂದು ತಿರುಗುತ್ತಿತ್ತು. "ಉಲ್ಟಾ ಸಾಗಿಸ್ತಾ ಇದೆ ಕಣೇ," ಎಂದು ಹೆಂಡತಿಗೆ ಪಿಸುಗುಟ್ಟಿದರು. "ಹಂಡೆ ಬಿಸಿ ಮನೆಗೆ ಬರ್ತಿಲ್ಲ, ಮನೆ ಬಿಸಿಯೆಲ್ಲ ಹಂಡೆಗೆ ಹೋಗ್ತಿದೆ. ಹೋದಷ್ಟೂ ಜೋರಾಗುತ್ತೆ."

"ಹೋಗಲಿ ಬಿಡಿ," ಎಂದರು ಸರ್ವಮಂಗಳಮ್ಮ. "ಹಂಡೆ ನೀರು ಬಿಸಿಯಾಗಿದೆ ತಾನೇ? ಅಳಿಯಂದ್ರ ಸ್ನಾನ ಒಂದಾಗಲಿ, ಆಮೇಲೆ ನಾವೆಲ್ಲ ಹೆಪ್ಪುಗಟ್ಟಿ ಸತ್ರೂ ಚಿಂತೆಯಿಲ್ಲ."

ಶೇಷಗಿರಿಯನ್ನು ಹಜಾರದಲ್ಲಿ ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದರು. ಕೊಬ್ಬರಿ ಎಣ್ಣೆಯನ್ನು ಒಲೆಯ ಮೇಲೆ ಕರಗಿಸಲಾಗದೆ ಉಪಾಯ ಮಾಡಿ, ಬಟ್ಟಲನ್ನು ಹಂಡೆಯ ನೀರಿನಲ್ಲಿ ಇಳಿಬಿಟ್ಟು ಕರಗಿಸಿ ತಂದು ಧಾರಾಳವಾಗಿ ಹಚ್ಚಿದರು. ನೆತ್ತಿಗೆ, ಬೆನ್ನಿಗೆ, ತೋಳಿಗೆ, ಮೀಸೆಗೆ. ಕಾಲಿಗೆ ಹಚ್ಚುವಷ್ಟರಲ್ಲಿ ತಲೆಯ ಮೇಲಿನ ಎಣ್ಣೆ ಬೆಳ್ಳಗಾಗಿತ್ತು. ಕಾಲು ಮುಗಿಸಿ ಎದ್ದು ನೋಡಿದರೆ ಅಳಿಯ ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಕೂತಿದ್ದ. ಕೂದಲು ಒಂದೇ ಅಚ್ಚಾಗಿ ನಿಂತಿತ್ತು.

"ಅಳಿಯಂದ್ರೇ, ಹೇಗಿದೀರಿ?"

"ಪರವಾಗಿಲ್ಲ ಅತ್ತೆ," ಎಂದ ಅವನು ತುಟಿಯ ಒಂದು ಮೂಲೆಯಿಂದ. ಹುಬ್ಬು ಕುಣಿಸಲು ಹೋದ, ಅದು ಕುಣಿಯಲಿಲ್ಲ. ಕೈ ಮಡಿಸಲು ಹೋದಾಗ ಮೊಣಕೈಯಲ್ಲಿ ಪಟಪಟ ಎಂದು ಎಣ್ಣೆ ಬಿರಿಯಿತು.

"ಏಳಿ ಏಳಿ, ಬಚ್ಚಲಿಗೆ ನಡೀರಿ. ಬಿಸಿನೀರು ಬಿದ್ರೆ ಎಲ್ಲ ಕರಗುತ್ತೆ." ಸರ್ವಮಂಗಳಮ್ಮ, ಮೇದಿನಿ ಇಬ್ಬರೂ ಹಿಡಿದು ಅವನನ್ನು ಮಣೆಯಿಂದ ಎಬ್ಬಿಸಿ ಬಚ್ಚಲ ಬಾಗಿಲಿಗೆ ನಡೆಸಿಕೊಂಡು ಹೋದರು. ಬಾಗಿಲು ಒಳಗಿನಿಂದ ಅಗುಳಿ ಹಾಕಿತ್ತು.

"ಯಾರು?" ಎಂದರು ಅಂಬುಜಮ್ಮ ಒಳಗಿನಿಂದ.

"ನಾವು ಬೀಗಿತ್ತಿಯವರೇ. ಅಳಿಯಂದ್ರ ಸ್ನಾನಕ್ಕೆ..."

"ಸ್ವಲ್ಪ ತಾಳಿ. ನೀರು ನೋಡೋಣ ಅಂತ ಬಂದೆ. ಮನೇಲಿ ಇಲ್ಲೊಂದೇ ಕಡೆ ಮೈ ಬೆಚ್ಚಗಿರೋದು. ಕೂತಿದೀನಿ." ಒಂದು ನಿಟ್ಟುಸಿರು ಕೇಳಿಸಿತು, ಸುಖದ್ದು. "ಏನೇ ಹೇಳಿ ಸರ್ವಮಂಗಳಮ್ಮ, ನೀರು ಬಹಳ ಚೆನ್ನಾಗಿ ಕಾದಿದೆ."

ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡರು. ಈ ಒಂದು ಮಾತಿಗಾಗಿ ಅವರು ದೇವರಿಗೆ ಹರಕೆ ಕೂಡ ಹೊತ್ತಿದ್ದರು. ಆದರೆ ಈಗ ಆ ಮಾತನ್ನು ಸವಿಯುವ ಹಾಗಿಲ್ಲ, ಪಕ್ಕದಲ್ಲಿ ಅಳಿಯ ಕಟಕಟ ಹಲ್ಲು ಕಡಿಯುತ್ತ ನಿಂತಿದ್ದಾನೆ.

"ಬಾಗಿಲು ತೆಗೀರಿ, ಬೇಗ ಎರೆದುಬಿಡ್ತೀನಿ," ಎಂದರು.

"ಬಾಗಿಲು ತೆಗೆದ್ರೆ ಚಳಿ ನುಗ್ಗುತ್ತೆ. ಅವನಿಗೇನೂ ಆಗಲ್ಲ ಬಿಡಿ, ಚಿಕ್ಕಂದಿನಿಂದಲೂ ಚಳಿ ತಡೆಯೋ ಮೈ."

"ಪ... ವಾ... ಲ್ಲ," ಎಂದ ಶೇಷಗಿರಿ. ಮೀಸೆ ಮೇಲ್ದುಟಿಯನ್ನು ಕಚ್ಚಿಕೊಂಡಿತ್ತು.

ಅತ್ತ ತಾರಸಿಗೆ ಹೋಗಿದ್ದ ವಾಮನಮೂರ್ತಿಗಳು ಓಡಿ ಬಂದರು. "ಟ್ಯಾಂಕು ಹೆಪ್ಪುಗಟ್ಟಿದೆ. ನಲ್ಲಿಯಲ್ಲಿ ಒಂದು ತೊಟ್ಟು ತಣ್ಣೀರಿಲ್ಲ. ಹಂಡೆ ನೀರೋ ಕೊತಕೊತ ಕುದೀತಿರುತ್ತೆ. ಹಾಗೇ ಎರೆದ್ರೆ ಅಳಿಯಂದ್ರು ಬೆಂದುಹೋಗ್ತಾರೆ."

ಮೇಲೆ ಮಂಜುಗಡ್ಡೆ, ಒಳಗೆ ಕುದಿನೀರು, ನಡುವೆ ಎಣ್ಣೆ ಹಚ್ಚಿಕೊಂಡ ಅಳಿಯ. ಮೇದಿನಿ ಅಳಲು ಶುರುಮಾಡಿದಳು. ಕಣ್ಣೀರು ಗಲ್ಲದ ಮೇಲೇ ನಿಂತಿತು.

"ಚಕ್ರ ತೆಗೆದು ಮೊದಲಿನ ಹಾಗೆ ಹಾಕಿ," ಎಂದರು ಸರ್ವಮಂಗಳಮ್ಮ.

"ಒಳಗಡೆ ಅದು ಬುಗುರಿ ಥರ ಸುತ್ತುತ್ತಿದೆ ಕಣೇ, ಬಿಚ್ಚಿದ್ರೆ ಮುಖಕ್ಕೇ ಹಾರುತ್ತೆ."

"ಹಾಗಾದ್ರೆ ಚಕ್ರ ಮುಟ್ಟಬೇಡಿ. ಪಂಪನ್ನೇ ಇಡಿಯಾಗಿ ಕಿತ್ತು, ಈ ಕಡೆ ಮುಖ ಮಾಡಿ ಕೂರಿಸಿ. ಬಚ್ಚಲಿಗೆ ಪ್ರದಕ್ಷಿಣೆ ಹಾಕೋದು ಅಡಿಗೆಮನೆಗೆ ಹಾಕ್ಲಿ."

ವಾಮನಮೂರ್ತಿಗಳು ಹೆಂಡತಿಯ ಮುಖವನ್ನೇ ನೋಡಿದರು. "ಇದು ನನಗೆ ಯಾಕೆ ಹೊಳೀಲಿಲ್ಲ?"

"ಅದನ್ನ ಆಮೇಲೆ ಯೋಚ್ನೆ ಮಾಡೋರಂತೆ. ಮೊದಲು ವಾಲ್ವು ಮುಚ್ಚಿ. ಎರಡೂ."

"ಇನ್ನೊಂದು ಬಚ್ಚಲ ಒಳಗಿದೆ," ಎಂದರು ಅವರು.

ಎಲ್ಲರೂ ಬಚ್ಚಲ ಬಾಗಿಲ ಕಡೆ ನೋಡಿದರು.

ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಮುಂದೆ ಹೋಗಿ ನಿಂತರು. ಮದುವೆಯ ದಿನದಿಂದ ನುಂಗಿಕೊಂಡು ಬಂದದ್ದೆಲ್ಲ ಹೊರಗೆ ಬಂತು. "ಬೀಗಿತ್ತಿಯವರೇ, ಕೇಳಿಸ್ಕೊಳ್ಳಿ. ಛತ್ರದಲ್ಲಿ ನಿಮ್ಮ ಮಗನಿಗೆ ತಣ್ಣೀರು ಸಿಕ್ತು ಅಂತ ನೀವು ಊರೂರಲ್ಲಿ ಹೇಳಿದ್ರಿ. ನನಗೂ ಹೊಟ್ಟೆ ಉರೀತು, ನನ್ನ ಮಗಳೂ ಅತ್ಲು. ಇವತ್ತು ಹಂಡೆ ತುಂಬ ಬಿಸಿನೀರಿದೆ. ಅದಕ್ಕೂ ನಿಮ್ಮ ಮಗನಿಗೂ ಮಧ್ಯ ಅಗುಳಿ ಹಾಕ್ಕೊಂಡು ಕೂತಿರೋರು ನೀವು. ಇನ್ಮೇಲೆ ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ ಈ ಮಾತು ನಾನು ಹೇಳ್ತೀನಿ."

ಒಳಗೆ ಮಣೆ ಸರಿದ ಸದ್ದಾಯಿತು.

"ನಾನೇನು ಮಾಡ್ಬೇಕು?" ಎಂದಿತು ಒಂದು ಸಣ್ಣ ಧ್ವನಿ.

"ಕಂಡಿ ಹತ್ರ ಹಿತ್ತಾಳೆ ಹಿಡಿ ಇದೆ. ಅದನ್ನ ತಿರುಗಿಸಿ."

"ಯಾವ ಕಡೆಗೆ?"

"ಪ್ರದಕ್ಷಿಣೆ," ಎಂದರು ವಾಮನಮೂರ್ತಿಗಳು.

ಅಂಬುಜಮ್ಮ ಭಕ್ತಿಯಿಂದ ತಿರುಗಿಸಿದರು. ಈ ಕಡೆಯ ವಾಲ್ವನ್ನು ಸರ್ವಮಂಗಳಮ್ಮ ತಾವೇ ಮುಚ್ಚಿದರು, ಗಂಡನನ್ನು ನಂಬಲಿಲ್ಲ. ವಾಮನಮೂರ್ತಿಗಳು ಇಕ್ಕಳದಲ್ಲಿ ಪಂಪನ್ನು ಕಿತ್ತು, ಗಿರಕ್ಕನೆ ತಿರುಗಿಸಿ, ಅಡಿಗೆಮನೆಗೆ ಮುಖಮಾಡಿ ಬಿಗಿದರು. ಈ ಕಡೆಯ ವಾಲ್ವನ್ನು ಅವರು ತೆರೆದರು, ಆ ಕಡೆಯದನ್ನು ಒಳಗಿನಿಂದ ಅಂಬುಜಮ್ಮ ತೆರೆದರು.

ಮೊದಲು ನೆಲ ಬೆಚ್ಚಗಾಯಿತು. ಆಮೇಲೆ ಗೋಡೆ. ತುಪ್ಪದ ಚಮಚ ವಾಲಿತು. ಒಲೆಯ ಮೇಲಿದ್ದ ಹಾಲು ಒಂದೇ ಏಟಿಗೆ ಉಕ್ಕಿ ಹರಿಯಿತು. ಅಳಿಯನ ನೆತ್ತಿಯಿಂದ ಒಂದು ಹನಿ ಎಣ್ಣೆ ಜಾರಿತು, ಹಿಂದೆಯೇ ಇನ್ನೊಂದು. ಹುಬ್ಬು ಅಲ್ಲಾಡಿತು. ಬಚ್ಚಲಲ್ಲಿ ಬಿಸಿ ಇಳಿಯುತ್ತಲೇ ಅಗುಳಿ ತಾನಾಗಿ ಸರಿಯಿತು, ಅಂಬುಜಮ್ಮ ಬೆಚ್ಚನೆಯ ಜಾಗ ಹುಡುಕಿಕೊಂಡು ಹೊರಗೆ ಬಂದರು.

"ಬೇಗ," ಎಂದು ವಾಮನಮೂರ್ತಿಗಳು ಕೂಗಿದರು. "ಹಂಡೆ ತಣ್ಣಗಾಗ್ತಾ ಬರ್ತಿದೆ. ಕುದಿನೀರಿಗೂ ತಣ್ಣೀರಿಗೂ ಮಧ್ಯ ಹದವಾದ ನೀರು ಸ್ವಲ್ಪ ಹೊತ್ತು ಮಾತ್ರ ಸಿಗೋದು."

ಸರ್ವಮಂಗಳಮ್ಮ ಅಳಿಯನನ್ನು ಒಳಗೆ ತಳ್ಳಿ, ಒಂದು ಕೈ ಹಂಡೆಯಲ್ಲಿ ಅದ್ದಿಕೊಂಡು ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ನಿಂತರು. ಸುಡುತ್ತಿದೆ, ಬೇಡ. ಇನ್ನೂ ಬೇಡ. ಈಗ. ಚೊಂಬಿನ ಮೇಲೆ ಚೊಂಬು ಎತ್ತಿ ಎರೆದರು. ಮೇದಿನಿ ಸೀಗೇಪುಡಿ ಹಾಕಿ ತಿಕ್ಕಿದಳು. ಬಚ್ಚಲೆಲ್ಲ ಹಬೆ, ಎಣ್ಣೆ, ಸೀಗೆಯ ವಾಸನೆ. ಕೊನೆಯ ಚೊಂಬು ಬೀಳುವಾಗ ನೀರು ಉಗುರುಬೆಚ್ಚಗೆ ಇತ್ತು, ಅದರ ಹಿಂದೆಯೇ ಹಂಡೆಯಲ್ಲಿ ತೆಳ್ಳಗೆ ಮಂಜಿನ ಪದರ ಕಟ್ಟಿತು.

ಶೇಷಗಿರಿ ಕೆಂಪಗಾಗಿ, ಮೈಯೆಲ್ಲ ಹಗುರಾಗಿ, ಟವೆಲು ಸುತ್ತಿಕೊಂಡು ನಿಂತ. "ಅತ್ತೆ," ಎಂದ. ಸರ್ವಮಂಗಳಮ್ಮ 'ಪರವಾಗಿಲ್ಲ'ಕ್ಕೆ ಸಿದ್ಧರಾಗಿದ್ದರು. "ಇಷ್ಟು ಸುಖವಾದ ಸ್ನಾನ ನಾನು ಹುಟ್ಟಿದಾಗಿಂದ ಮಾಡಿರಲಿಲ್ಲ."

ಸರ್ವಮಂಗಳಮ್ಮನಿಗೆ ಕಣ್ಣು ತುಂಬಿ ಬಂತು. ಸೀಗೇಪುಡಿ ಬಿತ್ತು ಎಂದು ಹೇಳಿ ಸೆರಗಿನಿಂದ ಒರೆಸಿಕೊಂಡರು.

ಮಧ್ಯಾಹ್ನದ ಊಟವನ್ನು ಎಲ್ಲರೂ ಮಂಚದ ಮೇಲೆ ಕಾಲು ಮಡಿಸಿ ಕೂತು ಮಾಡಬೇಕಾಯಿತು. ನೆಲದ ಮೇಲೆ ಕಾಲಿಟ್ಟರೆ ಚುರ್ರೆನ್ನುತ್ತಿತ್ತು. ಬಡಿಸುವಾಗ ಕೆಳಗೆ ಬಿದ್ದ ಹಪ್ಪಳ ಅಲ್ಲೇ ಉಬ್ಬಿತು.

ಹೊರಡುವ ಹೊತ್ತಿಗೆ ಅಂಬುಜಮ್ಮ ಪಂಪಿನ ಮುಂದೆ ಬಹಳ ಹೊತ್ತು ನಿಂತಿದ್ದರು. "ಅಳಿಯನಿಗೆ ಮೊದಲನೇ ಹಬ್ಬಕ್ಕೆ ಏನಾದ್ರೂ ಕೊಡ್ಬೇಕಲ್ಲ. ಉಂಗುರ ಗಿಂಗುರ ಬೇಡ. ಇದನ್ನ ಕೊಟ್ಬಿಡಿ, ಪೈಪು ಅಲ್ಲೇ ಹಾಕಿಸ್ಕೊಳ್ತೀವಿ. ಅರಸೀಕೆರೆ ಬಿಸಿಲು ನಿಮಗೇನು ಗೊತ್ತು. ಬೇಸಿಗೇಲಿ ಮನೆ ಬಿಸಿಯೆಲ್ಲ ಹಂಡೆಗೆ ಹೋಗ್ಲಿ, ಮನೆ ತಂಪಾಗಿರ್ಲಿ. ಹೆಂಗೆ ಕೂಡಿಸೋದು ಅಂತ ನೋಡ್ಕೊಂಡಿದೀನಿ, ನಾವೇ ಮಾಡ್ಕೊಳ್ತೀವಿ."

ವಾಮನಮೂರ್ತಿಗಳು ಉಬ್ಬಿಹೋದರು. ಹೇಗೆ, ಯಾವ ದಿಕ್ಕಿಗೆ ಎಂದು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಸರ್ವಮಂಗಳಮ್ಮ ಪಂಪನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ಅರಿಸಿನ ಕುಂಕುಮ ಇಟ್ಟು, ಬೀಗಿತ್ತಿಯ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಿದ್ದರು.

ಯುಗಾದಿ ಹತ್ತಿರ ಬಂದಾಗ ಅಂಬುಜಮ್ಮನ ಫೋನು ಬಂತು. ಯಂತ್ರ ಕೂಡಿಸಿದ್ದಾಯಿತು, ಪೈಪನ್ನು ಹಿತ್ತಲ ಬಾವಿಗೂ ಇಳಿಬಿಟ್ಟಿದ್ದೇವೆ, ಒಳ್ಳೆಯದಾಗಲಿ ಎಂದು ಪಂಪನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿದ್ದೇವೆ ಎಂದರು. ಮನೆ ತಂಪಾಗಿದೆಯೇ ಎಂದು ಸರ್ವಮಂಗಳಮ್ಮ ಕೇಳಿದರು.

"ತಂಪಾಗಿದೆ," ಎಂದರು ಅಂಬುಜಮ್ಮ. ಅವರ ಧ್ವನಿ ಕಂಬಳಿಯೊಳಗಿನಿಂದ ಬರುತ್ತಿದ್ದ ಹಾಗಿತ್ತು. "ನೀರು ಸೇದೋಕೆ ಬಾವಿಗೆ ಕೊಡ ಬಿಟ್ರೆ ಟಣ್ ಅಂತ ಶಬ್ದ ಬರುತ್ತೆ, ಅಷ್ಟೆ. ಇರ್ಲಿ, ಅದಕ್ಕಲ್ಲ ಫೋನ್ ಮಾಡಿದ್ದು. ಈ ಸಲ ಯುಗಾದಿ ಎಣ್ಣೆಸ್ನಾನಕ್ಕೆ ನೀವಿಬ್ಬರೂ ನಮ್ಮಲ್ಲಿಗೇ ಬರ್ಬೇಕು."

"ಖಂಡಿತ ಬರ್ತೀವಿ ಬೀಗಿತ್ತಿಯವರೇ," ಎಂದರು ಸರ್ವಮಂಗಳಮ್ಮ. "ಸ್ನಾನ ಮಾತ್ರ ಇಲ್ಲೇ ಮುಗಿಸ್ಕೊಂಡು ಬರ್ತೀವಿ."